ತೊಳೆಯದೆ ಉಳಿದ ಮಂಜು

ತೇಲೂರು
ಎರಡನೆಯ ವೈಶಾಖ, ದೊಡ್ಡ ಉಬ್ಬರದ ಮರುದಿನ, ಇಸವಿ 2391

ನಮ್ಮ ಹಿಂದಿನವರಿಗೆ,

ಈ ದಿನಾಂಕ ನೋಡಿ ನಗಬೇಡಿ. ನಮ್ಮಲ್ಲಿ ಸೆಕೆ ವರ್ಷಕ್ಕೆ ಎರಡು ಸಲ ಬರುತ್ತದೆ, ಹಾಗಾಗಿ ವೈಶಾಖವನ್ನೂ ಎರಡು ಮಾಡಿಕೊಂಡಿದ್ದೇವೆ. ನನ್ನ ಕನ್ನಡ ನಿಮಗೆ ತುಸು ಸೊಟ್ಟಗೆ ಕಾಣಬಹುದು. ಅರ್ಥವಾಗದ ಮಾತು ಬಂದರೆ ಕ್ಷಮಿಸಿ, ಮುಂದಕ್ಕೆ ಓದಿ.

ನೀವು ಬೆಲ್ಜಿಯಂ ಎಂದು ಕರೆಯುವ ದೇಶದ ಕರಾವಳಿಯ ಮೇಲೆ ತೇಲೂರು ಇದೆ. ಮೇಲೆ ಎಂದೇ ಹೇಳಬೇಕು, ಆ ಕರಾವಳಿ ಈಗ ನಮ್ಮ ಕಾಲಡಿಯ ನೀರಿನಲ್ಲಿದೆ. ಕಡಲಿಗೆ ಒಡ್ಡು ಕಟ್ಟಲು ಹೊನ್ನಾವರ, ಕುಮಟೆಯ ಕಡೆಯಿಂದ ಬಂದವರು ನಮ್ಮ ಹಿರಿಯರು. ಒಡ್ಡು ನಿಲ್ಲಲಿಲ್ಲ, ಜನ ನಿಂತರು. ಈಗ ಉಬ್ಬುಮನೆಗಳಲ್ಲಿ ವಾಸ. ನೀರು ಏರಿದರೆ ಮನೆಯೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಗಂಜಿ ಚೆಲ್ಲದಿರಲಿ ಎಂದು ಪಾತ್ರೆಯನ್ನು ಒಲೆಗೇ ಕಟ್ಟಿರುತ್ತೇವೆ. ನಡುಹಗಲು ಹೊರಗೆ ಕಾಲಿಡುವಂತಿಲ್ಲ. ಆ ಹೊತ್ತಿಗೆ ನೆರಳುಗಾಲ ಎಂದು ಹೆಸರು. ಆಗ ಊರಿಗೆ ಊರೇ ಚಿತ್ರಮನೆಗೆ ಬಂದು, ಗೋದಕ್ಕನ ಚಿತ್ರಗಳ ಕೆಳಗೆ ಚಾಪೆ ಹಾಸಿ ಮಲಗುತ್ತದೆ. ಮಕ್ಕಳಿಗೆ ಅಲ್ಲೇ ಕನಸು ಬೀಳುತ್ತದೆ. ಎದ್ದಮೇಲೆ, ತಾವು ಒದ್ದೆ ಮರಳಿನ ಮೇಲೆ ನಡೆದೆವು ಎಂದು ಹೇಳುತ್ತವೆ. ಅವು ಮರಳನ್ನು ಕಂಡದ್ದೇ ಇಲ್ಲ.

ಗೋದಕ್ಕನ ಪೂರ್ತಿ ಹೆಸರು ಗೊಡೆಲೀವ್ ಹೂರ್ನಾರ್ಟ್. ಇಪ್ಪತ್ತನೆಯ ಶತಮಾನದಲ್ಲಿ ಇದೇ ಕರಾವಳಿಯಲ್ಲಿ ಹುಟ್ಟಿ, ಎರಡು ಯುದ್ಧ ಕಂಡು, ಹಣ್ಣು ಮುದುಕಿಯಾಗಿ ತೀರಿಕೊಂಡ ಚಿತ್ರಗಾರ್ತಿ. ಬಲೆ ನೇಯುವವನ ಮಗಳು, ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದವಳು. ಗಂಡ ಪೀಟರ್ ಒಂದು ಬೆಳಿಗ್ಗೆ ಸಿಗಡಿ ಹಿಡಿಯಲು ದೋಣಿ ಇಳಿಸಿದ. ದೋಣಿಯೂ ಬರಲಿಲ್ಲ, ಹೆಣವೂ ಬರಲಿಲ್ಲ. ಅಂದಿನಿಂದ ಅವಳು ಬೇರೇನನ್ನೂ ಬರೆಯಲಿಲ್ಲ. ಅದೇ ದಂಡೆ, ಅದೇ ಗಂಡ. ಮೊದಲು ಅವನನ್ನು ಅಂಗಿಯ ಗುಂಡಿ ಸಮೇತ, ಹಣೆಗೆ ಅಂಟಿದ ಕೂದಲು ಸಮೇತ ಬರೆಯುವಳು. ಅದು ಒಣಗಿದ ಮೇಲೆ ತೆಳ್ಳಗಿನ ಬೂದುಬಣ್ಣವನ್ನು ಪದರದ ಮೇಲೆ ಪದರ ಎಳೆಯುವಳು, ಅವನು ಇದ್ದಾನೋ ಇಲ್ಲವೋ ಎನ್ನುವಷ್ಟು. ಚೆಂದದ ಚಿತ್ರವನ್ನು ಕೈಯಾರೆ ಹಾಳು ಮಾಡುತ್ತಾಳೆಂದು ಅವಳ ಕಾಲದವರು ಬೈದರಂತೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾವು ಬೈಯಲಿಲ್ಲ. ತೊಳೆದೆವು. ಆ ಬೂದನ್ನು ಅವಳೇ ಬಳಿದದ್ದೆಂದು ಆಗ ನಮಗೆ ಗೊತ್ತಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಕಾಲದಿಂದ ನಮಗೆ ಬಂದದ್ದರ ಮೇಲೆಲ್ಲ ಮಸಿ ಇರುತ್ತದೆ. ಗಡಿಯಾರ, ಗೊಂಬೆ, ದೇವರ ಮೂರ್ತಿ, ಏನೇ ಸಿಕ್ಕಲಿ, ತೊಳೆದೇ ಒಳಗೆ ತರುವುದು ವಾಡಿಕೆ. ಹೀಗೆ ಪ್ರತಿ ವರ್ಷ ತೊಳೆಹಬ್ಬದ ದಿನ, ಎಲ್ಲರ ಎದುರಿಗೆ ಗೋದಕ್ಕನ ಒಂದು ಚಿತ್ರವನ್ನು ಹತ್ತಿಯಿಂದ ಒರೆಸುತ್ತೇವೆ. ಬೂದು ಹೋಗುತ್ತದೆ, ಪೀಟರ್ ಕಾಣುತ್ತಾನೆ, ಜನ ಕಣ್ಣೀರು ಹಾಕುತ್ತಾರೆ. ಒರೆಸುವವಳು ನನ್ನ ಸೋದರತ್ತೆ ಬೀರಮ್ಮ. ಊರಿನಲ್ಲಿ ಅವಳಷ್ಟು ಹಗುರ ಕೈ ಇನ್ನೊಬ್ಬರಿಗಿಲ್ಲ.

ಈಗ ಒಂದೇ ಚಿತ್ರ ಉಳಿದಿದೆ. ಅದರ ಕೆಳಗೆ ಮಲಗುವವಳು ನಾನು. ಕಳೆದ ಸೆಕೆಯಲ್ಲಿ ನಿದ್ದೆ ಬಾರದೆ ಅದನ್ನೇ ನೋಡುತ್ತಿದ್ದಾಗ, ಮೂಲೆಯಲ್ಲಿ ಅವಳ ರುಜು ಕಂಡಿತು. ಅದು ಬೂದುಬಣ್ಣದ ಕೆಳಗಿರಲಿಲ್ಲ, ಮೇಲಿತ್ತು. ಆಮೇಲೆ ಬಂದು ಕೂತ ಹೊಗೆಯಾಗಿದ್ದರೆ ಹೆಸರನ್ನು ಬಿಟ್ಟು ಕೂರುತ್ತಿತ್ತೇ? ನೀರಿನಿಂದ ಎತ್ತಿದ ಹಳೆಯ ಕಾಗದಗಳನ್ನು ಹುಡುಕಿದೆ, ಮಂಜು ಬಳಿದಳೆಂದು ಅವಳ ಕಾಲದವರು ಬೈದದ್ದು ಅಲ್ಲಿತ್ತು. ನಾವು ಒರೆಸಿದ್ದು ಮಸಿಯನ್ನಲ್ಲ, ಮಂಜನ್ನು. ನಮ್ಮ ಕಡಲು ಯಾವಾಗಲೂ ಬಿಸಿ, ಮಂಜನ್ನು ಕಂಡವರು ಒಬ್ಬರೂ ಇಲ್ಲ. ನಮ್ಮ ನಿಘಂಟಿನಲ್ಲಿ ಆ ಪದಕ್ಕೆ 'ಹಿಂದೆ ಇದ್ದ ಒಂದು ಬಗೆಯ ಹವೆ' ಎಂದಷ್ಟೇ ಬರೆದಿದೆ, ಪುಣ್ಯಾತ್ಮರು.

ತೊಳೆದ ಚಿತ್ರಗಳನ್ನು ಆಮೇಲೆ ಇನ್ನೊಮ್ಮೆ ನೋಡಿದೆ. ಅವುಗಳಲ್ಲಿ ಪೀಟರ್ ಮನೆಗೆ ಬಂದುಬಿಟ್ಟಿದ್ದಾನೆ, ದಂಡೆಯ ಮೇಲೆ ಸುಮ್ಮನೆ ನಿಂತಿದ್ದಾನೆ. ಅವನಿಗಾಗಿ ಕಾಯುವವರು ಯಾರೂ ಬೇಕಿಲ್ಲ. ಈ ಕೊನೆಯದರಲ್ಲಿ ಮಾತ್ರ ಅವನು ಇನ್ನೂ ಬರುತ್ತಿದ್ದಾನೆ. ಇದನ್ನೂ ಒರೆಸಿದರೆ ಗೋದಕ್ಕ ಜೀವನವಿಡೀ ಮಾಡಿದ್ದು ಒಂದೂ ಉಳಿಯುವುದಿಲ್ಲ.

ಅತ್ತೆಗೆ ರುಜು ಮುಟ್ಟಿಸಿ ತೋರಿಸಿದೆ. ಮುಟ್ಟಿಸಿ ಎಂದದ್ದು ಯಾಕೆಂದರೆ ಅವಳ ಕಣ್ಣಿಗೆ ಪೊರೆ ಬಂದಿದೆ, ಬರುವ ವರ್ಷಕ್ಕೆ ಪೂರಾ ಹೋಗುತ್ತದೆ. ನಾನು ಹೇಳಿದ್ದನ್ನೆಲ್ಲ ಕೇಳಿ ಅವಳು, "ನಂಗೆ ಲೋಕ ಪೂರಾ ಹಿಂಗೇ ಕಾಣ್ತದೆ ಮಗಾ. ಇದ್ರಲ್ಲಿ ಚಂದ ಎಂತ ಉಂಟು? ಇದೊಂದ್ನಾದ್ರೂ ಒರ್ಸಿ, ಅವ್ನ ಮುಖ ನೋಡ್ಕಂಡು ಕಣ್ಣು ಮುಚ್ತೆ," ಎಂದಳು. ಅವಳನ್ನು ನಾನು ತುಂಬಾ ಪ್ರೀತಿಸುತ್ತೇನೆ. ಪೊರೆಯ ಮರೆಯಲ್ಲಿ ದಿನ ದೂಡುವವಳಿಗೆ, ನಾನೇ ಕಾಣದ ಮಂಜಿನ ಸೊಗಸನ್ನು ಯಾವ ಮುಖದಿಂದ ಹೇಳಲಿ? ಸಂಜೆ ಅವಳೇ ಕರೆದು, "ಬರೂ ಉಬ್ರದ ತನ್ಕ ಕಾಯ್ತೆ. ಅದ್ರೊಳಗೆ ಮಂಜು ಕಂಡವ್ರ ಮಾತು ತಂದು ಕೇಳ್ಸು, ಕೇಳ್ತೆ," ಎಂದಳು.

ಅದಕ್ಕೇ ಈ ಕಾಗದ. ನಿಮ್ಮಲ್ಲಿ ಇನ್ನೂ ಮಂಜು ಬೀಳುತ್ತದೆ. ಒಂದು ಬೆಳಿಗ್ಗೆ ದಯವಿಟ್ಟು ಅದರೊಳಗೆ ಹೋಗಿ ನಿಲ್ಲಿ. ನಿಮಗೆ ಬೇಕಾದವರೊಬ್ಬರು ದೂರದಿಂದ ನಡೆದು ಬರಲಿ. ಅವರೇ ಹೌದೋ ಅಲ್ಲವೋ ಎಂದು ಗೊತ್ತಾಗುವ ಮೊದಲಿನ ಆ ತುಸು ಹೊತ್ತು ಹೇಗಿತ್ತು, ಎದೆಯೊಳಗೆ ಏನಾಯಿತು, ಅದನ್ನು ಅಲಂಕಾರವಿಲ್ಲದೆ ಬರೆದಿಡಿ. ಕಳುಹಿಸುವ ಚಿಂತೆ ಬೇಡ. ನೀವು ಬರೆದರೆ ಅದು ಹಳೆಯದಾಗುತ್ತಾ ತಾನಾಗಿ ನನ್ನವರೆಗೆ ಬರುತ್ತದೆ. ನೀರಿನಿಂದ ಎತ್ತಿದ ನಿಮ್ಮ ಕಾಲದ ಪೆಟ್ಟಿಗೆಗಳನ್ನೆಲ್ಲ ತೆಗೆದು ನೋಡಿದ್ದೇನೆ, ಅಂಥ ಬರಹ ಅವುಗಳಲ್ಲಿ ಇಲ್ಲ. ಅಂದರೆ ನೀವು ಇನ್ನೂ ಬರೆದಿಲ್ಲ.

ಒಂದು ಪೆಟ್ಟಿಗೆಯನ್ನು ಮಾತ್ರ ತೆರೆಯದೆ ಇಟ್ಟುಕೊಂಡಿದ್ದೇನೆ.

ನಿಮ್ಮ,
ಗುಲಾಬಿ