ಬೋಣಿಗೆ ಮುಂಚೆ

೯ ಅಕ್ಟೋಬರ್ ೨೦೧೭, ಸೋಮವಾರ

ಇವತ್ತೂ ಅದೇ ಪಾಠ. ರಷ್ಯದ ಇಬ್ಬರು ಬಂದವರೇ ಹ್ಯಾಂಗರಿನಿಂದ ಟಾಪ್ ತೆಗೆದು ತಲೆಯ ಮೇಲಿಂದ ಹಾಕಲು ಹೊರಟರು. ಓಡಿದೆ. ನೋ ಮೇಡಂ, ಟಾಪ್ ಹಾಕಿ ನೋಡುವ ಹಾಗಿಲ್ಲ, ಲಿಪ್‌ಸ್ಟಿಕ್ ಅಂಟುತ್ತದೆ. ಉದ್ದ ಡ್ರೆಸ್ ಆದರೆ ಓಕೆ — ಮುಖಕ್ಕೆ ಈ ತೆಳು ಚೀಲ ಹಾಕಿಕೊಳ್ಳಿ, ಚಪ್ಪಲಿ ಟ್ರಯಲ್ ರೂಮಿನ ಹೊರಗೆ. ಎಲ್ಲ ಫ್ರೀ ಸೈಜ್. ಚೌಕಾಸಿ ಮಾಫಿ, ಇಲ್ಲವೇ ಇಲ್ಲ. ಅರಬ್ ದೇಶದ ಈ ದೇರಾದಲ್ಲಿ ಇಷ್ಟು ಕಾನೂನಿರುವ ಬಟ್ಟೆ ಅಂಗಡಿ ಇನ್ನೊಂದಿರಲಿಕ್ಕಿಲ್ಲ. ನಮ್ಮ ಓನರ್ ಮಿಸೆಸ್ ಹಾನ್ ಕೊರಿಯಾದಲ್ಲಿ ಅಂಗಡಿ ನಡೆಸಿದವರು, ಅಲ್ಲಿಯ ಕ್ರಮವೇ ಇಲ್ಲೂ.

ಇನ್ನೊಂದುಂಟು. ಬೆಳಿಗ್ಗೆ ಮೊದಲ ಮಾರಾಟ ಆಗುವ ತನಕ ಎಕ್ಸ್‌ಚೇಂಜ್ ಇಲ್ಲ, ಅದಕ್ಕೆ ಬಂದವರು ಹೊರಗೆ ಕಾಯಬೇಕು. ಇದನ್ನು ಮಾತ್ರ ನನಗೆ ಕಲಿಸಬೇಕಾಗಲಿಲ್ಲ. ಊರಲ್ಲಿ, ಶಿರ್ವದ ಅಂಗಡಿಯಲ್ಲಿ ಪಪ್ಪನೂ ಬೋಣಿ ಆಗದೆ ಯಾರಿಗೂ ಚಿಲ್ಲರೆ ಕೊಡುತ್ತಿರಲಿಲ್ಲ. ಈಗ ಮಿಸೆಸ್ ಹಾನ್‌ಗಿಂತ ನನ್ನದೇ ಜೋರು.

ಸಂಜೆ ಶಾರದಮ್ಮ ಬಂದರು! ಒಂದು ಕಾಲದಲ್ಲಿ ಒಂದೇ ಬೆಡ್‌ಸ್ಪೇಸ್ ರೂಮಿನಲ್ಲಿದ್ದವರು — ಮೇಲಿನ ಮಂಚ ನನ್ನದು, ಕೆಳಗಿನದು ಅವರದು. ಈಗ ದೂರದ ಬನಿಯಾಸ್‌ನ ಆಸ್ಪತ್ರೆಯಲ್ಲಿ ಆಯಾ. ಮಗಳು ಶ್ರೀನಿಧಿಗೆ ನವೆಂಬರ್ ೨೬ಕ್ಕೆ ಮೈಸೂರಿನಲ್ಲಿ ಮದುವೆ. ರಿಸೆಪ್ಶನ್ನಿಗೆ ಡ್ರೆಸ್ ಬೇಕಂತೆ. ಮುತ್ತಿನ ಕೆಲಸದ ಬಿಳಿಯದನ್ನು ನಾನೇ ತೆಗೆದುಕೊಟ್ಟೆ. ಮದುಮಗಳಿಗೆ ಬಿಳಿಯಲ್ಲದೆ ಮತ್ತೆಂತ?

ಹೋಗುವಾಗ ಮೆಲ್ಲಗೆ ಹೇಳಿದರು, "ಧಾರೆ ಎರೆಯೋದು ಮೈದುನ ಚಾಮರಾಜ, ಅವನ ಹೆಂಡ್ತಿ. ನಾನು ಮುಂದೆ ಬರ್ಬಾರ್ದಂತೆ ಕಣವ್ವ, ಗಂಡ ಸತ್ತೋಳು. ಆದ್ರೆ ನಮ್ಮ ನಿಧಿ ಏನಂದ್ಲು ಗೊತ್ತಾ? ರಿಸೆಪ್ಶನ್ ಸ್ಟೇಜಿಗೆ ಅಮ್ಮ ಹತ್ತದಿದ್ರೆ ನಾನೂ ಹತ್ತಲ್ಲ ಅಂದ್ಬುಟ್ಲು."

"ಮತ್ತೆ! ಹತ್ಲೇಬೇಕು ನೀವು. ಯಾರು ಎಂತ ಹೇಳಿದ್ರೂ ಇಳೀಬೇಡಿ" ಎಂದೆ. ಅವರ ಮುಖ ಅರಳಿತು. ನನಗೂ ಖುಷಿ.

೨೦ ಅಕ್ಟೋಬರ್, ಶುಕ್ರವಾರ

ಶಾರದಮ್ಮನ ವಾಟ್ಸಾಪ್. ಫೋಟೊ ನೋಡಿ ಗಂಡಿನ ತಾಯಿ ಬಿಳಿ ಬೇಡ ಅಂದರಂತೆ — ಶುಭಕಾರ್ಯಕ್ಕೆ ಬಿಳಿ ಯಾರು ಉಡುತ್ತಾರೆ ಎಂದು. ಅಯ್ಯೋ, ನನ್ನದೇ ತಪ್ಪು. ನಮ್ಮ ಇಗರ್ಜಿಯಲ್ಲಿ ನಡೆಯುವ ಕ್ರಿಶ್ಚಿಯನ್ ಮದುವೆ ತಲೆಯಲ್ಲಿತ್ತು, ಅವರ ಪದ್ಧತಿ ಯೋಚಿಸಲೇ ಇಲ್ಲ. ಬದಲಾಯಿಸಿ ಕೊಡುತ್ತೇನೆ, ತನ್ನಿ ಎಂದೆ.

೨೪ ಅಕ್ಟೋಬರ್, ಮಂಗಳವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಶಟರ್ ಎತ್ತುವಾಗಲೇ ಶಾರದಮ್ಮ ನಿಂತಿದ್ದರು. ನೈಟ್ ಡ್ಯೂಟಿ ಮುಗಿಸಿ ನೇರ ಬಸ್ಸು ಹತ್ತಿದ್ದಾರೆ, ಕಣ್ಣು ಕೆಂಪು. ನನ್ನ ಹಿಂದೆಯೇ ಒಳಗೆ ಬಂದು ಬಿಳಿ ಡ್ರೆಸ್ಸಿನ ಕವರನ್ನು ಕೌಂಟರಿನ ಮೇಲಿಟ್ಟರು. ನಾನು... ಅದನ್ನು ತೆಗೆದು ಅವರ ಕೈಗೇ ಕೊಟ್ಟೆ.

"ಈಗ ಬೇಡ ಶಾರದಮ್ಮ. ಬೋಣಿ ಆಗ್ಲಿ. ಅಷ್ಟು ಹೊತ್ತು ಹೊರಗೆ ನಿಲ್ಲಿ."

ಎಷ್ಟು ಸಲೀಸಾಗಿ ಬಂತು ಬಾಯಿಗೆ. ದಿನಾ ಹೇಳುವ ಮಾತು. ಯಾರಿಗೆ ಹೇಳುತ್ತಿದ್ದೇನೆ ಎಂದು ನೋಡಲಿಲ್ಲ. ಅವರು "ಹೂಂ" ಎಂದು ಹೊರಗೆ ಹೋದರು.

ಒಬ್ಬಳು ಫಿಲಿಪಿನೋ ಹುಡುಗಿ ಬಂದು ಸ್ಕರ್ಟ್ ತೆಗೆದುಕೊಂಡಳು. ಬೋಣಿ ಆಯಿತು. ಕರೆಯಲು ಹೊರಗೆ ಹೋದರೆ ಮೆಟ್ಟಿಲ ಮೇಲೆ ಕವರ್ ಮಾತ್ರ. ಬಸ್ ಸ್ಟೇಷನ್ ತನಕ ಓಡಿದೆ. ಸಿಗಲಿಲ್ಲ. ಫೋನ್ ಎತ್ತುವುದಿಲ್ಲ.

ಮಿಸೆಸ್ ಹಾನ್ ಕೇಳಿದರು, "ಯುವರ್ ಫ್ರೆಂಡ್? ದೆನ್ ವೈ ಯು ನಾಟ್ ಬೈ ಒನ್ ಹೇರ್‌ಪಿನ್? ಯು ಬೈ, ಖಲಾಸ್." ಹೌದು, ಒಂದು ಹೇರ್‌ಪಿನ್ ನಾನೇ ಕೊಂಡಿದ್ದರೆ ಮುಗಿಯುತ್ತಿತ್ತು. ಯಾಕೆ ಹೊಳೆಯಲಿಲ್ಲ ನನಗೆ? ಥೂ, ನನ್ನ ಬುದ್ಧಿಯೇ.

೩ ನವೆಂಬರ್, ಶುಕ್ರವಾರ

ಗುಲಾಬಿ ಬಣ್ಣದ್ದು ಕಟ್ಟಿಸಿಕೊಂಡು ಬನಿಯಾಸ್‌ಗೆ ಹೋದೆ. ಕ್ವಾರ್ಟರ್ಸ್ ಗೇಟಿಗೆ ಬಂದರು. ಬೈದಿದ್ದರೆ ಒಳ್ಳೆಯದಿತ್ತು. ನಕ್ಕರು, ಕಾಫಿ ಮಾಡಿಕೊಟ್ಟರು, ಬಟ್ಟೆ ಮುಟ್ಟಿ ನೋಡಿ ಚೆನ್ನಾಗಿದೆ ಎಂದರು.

"ಆ ದಿನ ನಾನು ಹಾಗೆ ಹೇಳ್ಬಾರ್ದಿತ್ತು. ಅದು ಅಂಗಡಿ ರೂಲ್ ಶಾರದಮ್ಮ, ಯಾರು ಬಂದ್ರೂ ಅಷ್ಟೇ. ನಿಮ್ಗೆ ಅಂತ ಅಲ್ಲ, ದೇವರಾಣೆ."

"ಗೊತ್ತು ಕಣವ್ವ. ನಮ್ಮೂರಲ್ಲೂ ಹಂಗೇ ಅಂತಾರೆ, ನಿಂಗೆ ಅಂತಲ್ಲ, ಶಾಸ್ತ್ರ ಅಂತ." ಲೋಟ ತೊಳೆಯುತ್ತಲೇ ಹೇಳಿದರು. "ಅವ್ರು ಅಂದ್ರೆ ನಂಗೆ ಮೈಯೆಲ್ಲ ಉರೀತಿತ್ತು. ಜಗಳಕ್ಕೇ ಹೋಯ್ತಿದ್ದೆ. ನೀನಂದಾಗ... ನೀನು ನನ್ನೋಳಲ್ವಾ. ನಿಜ ಇದ್ರೂ ಇರ್ಬೋದು ಅನ್ನಿಸ್ತು. ಮಗೀಗೆ ಯಾಕೆ ಕೆಟ್ಟದಾಗ್ಬೇಕು?"

"ಇಲ್ಲ ಶಾರದಮ್ಮ, ಸ್ಟೇಜಿಗೆ ಹತ್ಬೇಕು ನೀವು! ಮಾತು ಕೊಡಿ."

"ನೋಡನ ಬಿಡವ್ವ."

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಪಕ್ಕದವಳು ಟಿಶ್ಯೂ ಕೊಟ್ಟಳು.

೧೨ ನವೆಂಬರ್

ಇವತ್ತು ಊರಿಗೆ ಹೋದರು. ಏರ್‌ಪೋರ್ಟಿಗೆ ಬರುತ್ತೇನೆ ಎಂದರೆ ಬೇಡ ಎಂದರು. ಮತ್ತೆ ಮೆಸೇಜ್ ಹಾಕಿದೆ — ಹತ್ತಲೇಬೇಕು. ಬ್ಲೂ ಟಿಕ್. ಉತ್ತರ ಇಲ್ಲ.

೨೬ ನವೆಂಬರ್, ಭಾನುವಾರ

ಫೋಟೊ ಬಂತು. ಶ್ರೀನಿಧಿಗೆ ಗುಲಾಬಿ ಬಹಳ ಒಪ್ಪಿದೆ. ಪಕ್ಕದಲ್ಲಿ ಗಂಡು. ಆಚೆ ಚಾಮರಾಜ, ಅವರ ಹೆಂಡತಿ. ಎರಡು ಬೆರಳಿನಿಂದ ದೊಡ್ಡದು ಮಾಡಿ ಮೂಲೆ ಮೂಲೆ ಹುಡುಕಿದೆ. ಶಾರದಮ್ಮ ಇಲ್ಲ.

ಹಿಂದೆಯೇ ಅವರ ವಾಯ್ಸ್ ಮೆಸೇಜ್. ಪಾತ್ರೆಯ ಸದ್ದು, ಅಡುಗೆಯವರ ಗಲಾಟೆ. "ಮಂಡಿ ನೋವು, ಮೆಟ್ಲು ಹತ್ತಕ್ಕಾಗಲ್ಲ ಅಂದ್ಬುಟ್ಟೆ ಕಣವ್ವ. ಮೊದ್ಲು ನಿಧಿ ಹಟ ಮಾಡ್ದಳು, ಆಮೇಲೆ ಒಪ್ಕಂಡ್ಳು. ಯಾರೂ ನನ್ನ ಒಳಗೋಗು ಅನ್ಲಿಲ್ಲ. ನಾನೇ ಬಂದೆ. ಬೇಜಾರು ಮಾಡ್ಕಬ್ಯಾಡ. ನೀನು ಉಂಡ್ಯಾ?"

ಉಂಡೆಯಾ ಎಂದು ಕೇಳುತ್ತಾರೆ. ನನ್ನನ್ನು!

ದೇವರೇ, ಅವರ ನೆಂಟರೆಲ್ಲ ಸೇರಿ ಇಷ್ಟು ವರ್ಷ ಮಾಡಲಾಗದ್ದನ್ನು ನಾನೊಬ್ಬಳೇ ಮಾಡಿ ಮುಗಿಸಿದೆ.

ರಾತ್ರಿ

ಶ್ರೀನಿಧಿಯ ಮೆಸೇಜ್. ಮದುವೆಯ ದಿನ, ನನಗೆ.

"ಆಂಟಿ, ಅಮ್ಮಂಗೆ ಅಲ್ಲೂ ಮಂಡಿ ನೋವು ಇತ್ತಾ? ಪ್ಲೀಸ್, ನಿಜ ಹೇಳಿ."

ಆನ್‌ಲೈನ್‌ನಲ್ಲೇ ಇದ್ದಾಳೆ. ಕಾಯುತ್ತಿದ್ದಾಳೆ. ಇತ್ತು ಎಂದರೆ ಹುಡುಗಿ ನೆಮ್ಮದಿಯಾಗಿ ಮಲಗುತ್ತಾಳೆ, ಶಾರದಮ್ಮನ ಮಾತೂ ಉಳಿಯುತ್ತದೆ. ಇಲ್ಲ ಎಂದರೆ ಮುಂದಿನ ಪ್ರಶ್ನೆ ಯಾಕೆ ಎಂದೇ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಫೋನಿನಲ್ಲಿ.

ಮಗಾ ಶ್ರೀನಿಧಿ, ನಿನ್ನ ಅಮ್ಮನ ಮಂಡಿಗೆ ಏನೂ ಆಗಿಲ್ಲ. ಒಂದು ದಿನ ಬೆಳಿಗ್ಗೆ ಅವರು ನನ್ನ ಅಂಗಡಿಗೆ ಬಂದಿದ್ದರು, ನಾನು ಅವರನ್ನು ಹೊರಗೆ ನಿಲ್ಲಿಸಿದೆ.