ಗೇಟಿನ ಹಾಡು

ಸಂತೆಗುಳಿ

ಸುವರ್ಣ ಮಹೋತ್ಸವ ಸಮಿತಿಯ ಅಧ್ಯಕ್ಷರಾದ ನಾಗಭೂಷಣ ಸರ್ ಅವರಿಗೆ ನಮಸ್ಕಾರ.

ಆಮಂತ್ರಣವೂ ನಮ್ಮ ಶಿಕ್ಷಕರ ತರಬೇತಿ ಶಾಲೆಯ ಇತಿಹಾಸದ ಪುಸ್ತಿಕೆಯೂ ತಲುಪಿದವು. ಪುಟಪುಟಕ್ಕೂ ತಮ್ಮ ಫೋಟೊ ಇದೆ. ಐವತ್ತು ತುಂಬಿದ್ದು ಶಾಲೆಗೋ ತಮಗೋ ಎಂದು ಅನುಮಾನ ಬರುತ್ತದೆ.

ಆಮಂತ್ರಣದಲ್ಲಿ ನನ್ನ ಹೆಸರು ನಮ್ಮ ಜನರ ಹೆಸರಿನ "ಹಾಲಕ್ಕಿ ಸ್ವಾಗತ ಗೀತೆ" ಎಂಬಲ್ಲಿದೆ. ನಾನು ಅಲ್ಲೇ ತರಬೇತಿ ಪಡೆದವಳು ಎಂಬುದು ಎಲ್ಲೂ ಇಲ್ಲ. ತಮ್ಮ ಗುಮಾಸ್ತರು ಫೋನಿನಲ್ಲಿ, "ಮಣಿಸರ ಹಾಕ್ಕಂಡೇ ಬಾ. ಗೇಟಿನ ಹತ್ರ ನಿಂತ್ರೆ ಆತು" ಎಂದರು.

ತಮಗೆ ಮರೆತಿರಬಹುದು. ಬೋಧನಾಭ್ಯಾಸದ ದಿನ ನಾನು ಅಲ್ಲಿನ ಅಭ್ಯಾಸ ಶಾಲೆಯ ಮಕ್ಕಳಿಗೆ ಭತ್ತದ ಪಾಠವನ್ನು ನನ್ನ ಹೆತ್ತವ್ವ, ಅವ್ವಿಯ ನಾಟಿ ಹಾಡಿನಿಂದ ಆರಂಭಿಸಿದ್ದೆ. ಹಿಂದಿನ ಬೆಂಚಿನಲ್ಲಿ ಕುಳಿತು ಅಂಕ ಹಾಕುತ್ತಿದ್ದ ತಾವು, "ಇದು ತರಗತಿ, ಗದ್ದೆಯಲ್ಲ" ಎಂದು ಮಕ್ಕಳೆದುರೇ ನಿಲ್ಲಿಸಿದಿರಿ. ಈಗ ಸ್ವಾಗತಕ್ಕೆ ಹಾಡಲು ತಾವು ಕೇಳಿರುವುದು ಅದೇ ಹಾಡನ್ನು.

"ಹಾಡು ಅದೇಯ. ಅವ್ರಿಗೆ ಈಗ ಎಂತ ಆತು?" ಎಂದು ಅವ್ವಿ ಕೇಳುತ್ತಿದ್ದಾಳೆ.

ಹಾಡುತ್ತೇನೆ. ಗೇಟಿನಲ್ಲಲ್ಲ, ಅದೇ ತರಗತಿಯಲ್ಲಿ, ಸೀಮೆಸುಣ್ಣ ಹಿಡಿದು. ದಯವಿಟ್ಟು ಮಕ್ಕಳನ್ನು ಮುಂದೆ ಕೂರಿಸಿ. ತಾವು ಹಿಂದಿನ ಬೆಂಚಿನಲ್ಲೇ ಕುಳಿತುಕೊಳ್ಳಿ. ಅಂಕ ಹಾಕುವುದು ಬೇಡ. ಅಂದು ಅರ್ಧಕ್ಕೆ ನಿಂತ ಪಾಠವನ್ನು ಕೊನೆಯವರೆಗೆ ಕೇಳಿದರೆ ಸಾಕು.

ಇತಿ, ತಮ್ಮಿಂದ ತರಬೇತಿ ಪಡೆದೂ ಶಿಕ್ಷಕಿಯಾದ
ಸೋಮಿ ಗೌಡ
ಮುಖ್ಯ ಶಿಕ್ಷಕಿ