ರೇಡಿಯೋ ಮನೀಗೆ ಮುಯ್ಯಿ

ಹೊಸಪೇಟೆ
ಜನವರಿ ೯, ೨೦೨೫

ನನ್ನ ಮುದ್ದು ಭುವಿ,

ಫೋನ್ ಎತ್ತಂಗಿಲ್ಲ ನೀನು, ಅದಕ್ಕ ಈ ಕಾಗದ. ಕಾಗದಾನ ಅರ್ಧಕ್ಕ ಕಟ್ ಮಾಡಾಕ ಬರಂಗಿಲ್ಲಲ್ಲ. ನೀನಿರೋ ಕುರೆಕುಪ್ಪದಿಂದ ಈ ಮನೀಗೆ ಬಂದು ಹತ್ತು ತಿಂಗಳಾತು. ಆ ಕ್ರೇನ್ ಡ್ರೈವರ್ ಯಲ್ಲೇಶ ನಮ್ಮ ಮಂದಿ ಅಲ್ಲ, ಅವನ್ನ ಕಟ್ಟಿಕೊಳ್ಳೋದಾದ್ರ ನನ್ನ ಹೆಣ ದಾಟಿ ಹೋಗು ಅಂದಿದ್ದೆ. ಅವತ್ತ ನನ್ನ ಬಾಯಿ ಹೊಲಕೊಂಡಿದ್ರ ಚಲೋ ಇತ್ತು. ಇರ್ಲಿ, ಇವತ್ತು ಆ ಮಾತು ಬ್ಯಾಡ. ಪಾರ್ಕಿನ ಸುದ್ದಿ ಹೇಳ್ತೀನಿ.

ನಮ್ಮ ಓಣಿ ಪಾರ್ಕಿನ ರೇಡಿಯೋ ಮನಿ ನೆನಪೈತಲ್ಲ. ನಿಮ್ಮಪ್ಪ ಸಂಜೀ ಆರಕ್ಕ ಬೀಗ ತೆಗೆದು ರೇಡಿಯೋ ಹಚ್ಚಿದ್ರ ಇಡೀ ಓಣಿ ಬೇವಿನ ಗಿಡದ ಕೆಳಗ ಬಂದು ಕುಂದ್ರತಿತ್ತು. ರೇಡಿಯೋ ಹೋತು, ಅವರೂ ಹೋದ್ರು, ನನ್ನ ಹೊಲಿಗಿ ಕ್ಲಾಸ್ ಅಲ್ಲೇ ಉಳೀತು. ಮಧ್ಯಾಹ್ನ ಹೆಣ್ಣುಮಕ್ಕಳು ಹೋದ ಮ್ಯಾಲೆ ಮಿಷನ್ನಿಗೆ ತಲಿ ಕೊಟ್ಟು ತೂಕಡಿಸ್ತೀನಿ. ಆಗ ಗ್ವಾಡಿಯೊಳಗಿಂದ ರೇಡಿಯೋ ಸ್ಟೇಷನ್ ಹುಡುಕೋ ಸಪ್ಪಳ ಸಣ್ಣಗ ಬರ್ತೈತಿ. ಎದ್ದು ನೋಡಿದ್ರ ಕಾಲುವಿ ಕಡೆ ಗಾಳಿ, ಎರಡು ಪಾರಿವಾಳ, ನೆಲದ ಮ್ಯಾಲೆ ಬಿಸಿಲು. ಎಷ್ಟೋ ಹೊತ್ತು ನಾನು ಯಾವ ವರ್ಷದಾಗ ಅದೀನಿ ಅಂತ ತಿಳಿಯಂಗಿಲ್ಲ.

ಹೋದ ಮಳಿಗಾಲದಾಗ ಛತ್ತು ಕುಸೀತು. ಕೆಡವ್ತೀವಿ ಅಂದ್ರು ನಗರಸಭೆ ಆಫೀಸಿನವರು. ಕಾಡಿ ಬೇಡಿದ ಮ್ಯಾಲೆ, ಓಣಿಯವರು ಅರ್ಧ ದುಡ್ಡು ಕೂಡಿಸಿದ್ರ ಉಳಿದರ್ಧ ನಾವು ಹಾಕ್ತೀವಿ ಅಂದ್ರು. ಚಂದಾ ಕೇಳಾಕ ಹೋದ್ರ ಮಂದಿ ಬಾಗಿಲು ಮುಂದ ಮಾಡಿದ್ರು. ಅವಾಗ ನನಗ ಹೊಳೀತು. ಮೂವತ್ತು ವರ್ಷ ಕಂಡೋರ ಮದುವಿಗೆಲ್ಲ ಮುಯ್ಯಿ ಮಾಡೀನಿ, ನಮ್ಮನ್ಯಾಗ ಒಂದು ಮದುವಿ ಊಟ ಆಗಿಲ್ಲ. ಮುಯ್ಯಿ ಅಂದ್ರ ತಿರುಗಿ ಬರಬೇಕಾದ್ದು, ಯಾರೂ ಇಲ್ಲ ಅನ್ನಂಗಿಲ್ಲ. ರೇಡಿಯೋ ಮನೀಗೆ ನನ್ನ ಮುಯ್ಯಿ ತೀರಸ್ರಿ ಅಂತ ಹೊಂಟುಬಿಟ್ಟೆ.

ಬುಕ್ಕಸಾಗರದ ಲಲಿತಾ, ಮದುಮಗಳು ಯಾರಕ್ಕ ಅಂತ ಕೇಳಿದ್ಲು. ರೇಡಿಯೋ ಮನಿ ಅಂದೆ. ನಕ್ಕೊಂತ ನಾಲ್ಕು ಚೀಲ ನೆಲ್ಲು ಹೊರಗ ಇಡಿಸಿದ್ಲು. ಮರಿಯಮ್ಮನಹಳ್ಳಿ ಹುಲುಗಪ್ಪ ಒಂದು ಲಾರಿ ಉಸುಕು ಸುರುವಿ, ಚಹಾನೂ ಕುಡೀದ ಹೋದ. ಕಂಪ್ಲಿ ಹೊಳೆಮ್ಮನ ಮೂರು ಹೆಣ್ಣುಮಕ್ಕಳ ಮದುವಿಗೂ ಹಂಡೆ, ಕೊಡ ಕೊಟ್ಟಾಕಿ ನಾನು. ಅಕಿ ಒಂದು ಸ್ಟೀಲ್ ಡಬ್ಬಿ ತಂದು ಕೈಯಾಗಿಟ್ಲು. ಮುಯ್ಯಿ ತಿರುಗೋದು ಒಂದ ಸಲ ಸುಂಕಮ್ಮ, ಗ್ವಾಡಿಗೆ ಹಚ್ಚಿ ಕುಂತ್ರ ನಾಳೆ ಭುವಿ ಮದುವಿಗೆ ಯಾರು ಬರ್ತಾರ ಅಂತ ಮ್ಯಾಲೆ ಒಂದು ಬುದ್ಧಿಮಾತು ಬೇರೆ. ಭುವಿಗೆ ಬೇಕಾಗಂಗಿಲ್ಲ ಬಿಡು ಅಂದು ಬಸ್ ಹತ್ತಿದೆ. ಬಾಳಿ ತೋಟ ಮುಗಿಯೋತನಕ ಅತ್ತೆ.

ನೆಲ್ಲು ಮಾರಿ, ಹಂಗೂ ಹಿಂಗೂ ಅರ್ಧ ದುಡ್ಡು ಕೂಡ್ತು. ಛತ್ತು ಬಂತು, ಸುಣ್ಣ ಆತು, ನೀಲಿ ಕಿಟಕಿ ಹಚ್ಚಿಸೀನಿ. ೧೯ನೇ ತಾರೀಖು ಭಾನುವಾರ ಸಂಜೀ ಆರಕ್ಕ ಬಾಗಿಲು ತೆಗಿಯೋದು. ಮುಯ್ಯಿ ಮಾಡಿದವರಿಗೆ ಉಣ್ಣಾಕ ಇಕ್ಕಬೇಕಲ್ಲ, ಗೋಧಿ ಹುಗ್ಗಿ ಹೇಳೀನಿ. ಎಲ್ಲಾರೂ ಬರ್ತಾರ. ನೀನು ಬರದಿದ್ರ ನನಗ ಒಂದು ತುತ್ತೂ ಇಳಿಯಂಗಿಲ್ಲ, ಇದನ್ನ ಬಾಯಿಬಿಟ್ಟ ಹೇಳಾಕತ್ತೀನಿ.

ನಿನ್ನ ದಾರಿ ನೋಡೋ ಅವ್ವ,
ಸುಂಕಮ್ಮ

ತಾ.ಕ.: ರಿಪೇರಿ ಕರಾರು ಮಾಡಿಸಾಕ ದಸರಾಕ್ಕ ಮುಂಚೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿದ್ದೆ. ನೋಟಿಸ್ ಬೋರ್ಡಿನ್ಯಾಗ ನಿನ್ನ ಫೋಟೋ, ಬಾಜೂಕ ಯಲ್ಲೇಶಂದು. ಈ ಮದುವಿಗೆ ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗ ತಿಳಿಸಬೇಕು ಅಂತ ಬರೆದಿತ್ತು. ಆಫೀಸು ತೆಗೆದ ದಿನಾನೆಲ್ಲ ಹೋಗಿ ನಿಮ್ಮಿಬ್ಬರನ್ನ ನೋಡಿ ಬಂದೆ. ಆಕ್ಷೇಪಣೆ ಏನೂ ತಿಳಿಸ್ಲಿಲ್ಲ. ಅಳಿಯಗ ಒಂದು ಅಂಗಿ ಹೊಲಿದಿಟ್ಟೀನಿ. ಆ ಫೋಟೋ ನೋಡೇ ಅಳತಿ ಹಿಡಿದದ್ದು, ಭುಜ ಬಿಗಿ ಆದ್ರ ಅಲ್ಲೇ ಬಿಚ್ಚಿ ಸಡಿಲ ಮಾಡಿ ಕೊಡ್ತೀನಿ.